ಲಾಭ, ಎರಡು, ಮೂರು

ಪುಟ್ಟ ಮಕ್ಕಳು ಎಣಿಸಲು ಹೇಗೆ ಕಲಿಯುತ್ತವೆ ಎಂಬ ಪಾಠವನ್ನು ನಾನು ಗೋಕಾಕದಲ್ಲಿ, ಬಾಲವಾಡಿ ಶಿಕ್ಷಕಿಯರಾಗಲು ಬರುವ ಹುಡುಗಿಯರಿಗೆ, ವರ್ಷಾನುಗಟ್ಟಲೆ ಹೇಳಿದ್ದೇನೆ. ಹೇಳಿ ಹೇಳಿ ಅದು ನನಗೆ ರೊಟ್ಟಿ ಬಡಿದಷ್ಟು ಸಲೀಸಾಗಿತ್ತು. ಮಗು ಮೊದಲು ಅಂಕಿಗಳನ್ನು ಹಾಡಿನ ಹಾಗೆ ಬಾಯಿಪಾಠ ಒಪ್ಪಿಸುತ್ತದೆ, ಅದನ್ನು ಕೇಳಿ ಎಣಿಕೆ ಬಂತೆಂದು ಹಿಗ್ಗಬೇಡಿ ಎನ್ನುತ್ತಿದ್ದೆ. ಒಂದು ವಸ್ತುವಿಗೆ ಒಂದೇ ಅಂಕಿ ಎಂದು ಬೆರಳಿಟ್ಟು ಹೊಂದಿಸಿದಾಗ ಅರ್ಧ ಬಂತು. ಕೊನೆಗೆ ಹೇಳಿದ ಅಂಕಿಯೇ ಒಟ್ಟು ಎಂದು ಅದಕ್ಕೆ ಹೊಳೆದಾಗ ಪೂರ್ತಿ ಬಂತು. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ ಕೂತವರು ಹೊರಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಅವರನ್ನು ನಾನು ಬೈಯುತ್ತಿರಲಿಲ್ಲ, ಏಕೆಂದರೆ ನಾನೂ ಕಿಟಕಿಯ ಪಕ್ಕ ಕೂತು ಕಲಿತವಳೇ.

ನಾನು ಎಣಿಸಲು ಕಲಿತದ್ದು ಮಾತ್ರ ಪುಸ್ತಕದ ಕ್ರಮದಲ್ಲಲ್ಲ. ತುಕ್ಕಾನಟ್ಟಿಯ ನಮ್ಮ ಹೊಲದ ಕಣದಲ್ಲಿ, ಬಿಳಿಜೋಳದ ರಾಶಿಯ ಮುಂದೆ, ಅಪ್ಪನ ಬಾಜೂ ಕುಕ್ಕರುಗಾಲಲ್ಲಿ ಕೂತು ಕಲಿತೆ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. "ಲಾಭ" ಎನ್ನುತ್ತಾರೆ. ಕೊಳಗ ತುಂಬಿ ಮೇಲೆತ್ತಿ, ಲಾಭ ಎಂದು ಹೇಳಿ ಚೀಲಕ್ಕೆ ಸುರಿದ ಮೇಲೆ ಎರಡು, ಮೂರು, ನಾಲ್ಕು. ಕಾರಣ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಣಕ್ಕೆ ಇನ್ನೂ ಕೆಲವು ಕಟ್ಟಳೆಗಳಿದ್ದವು. ಚಪ್ಪಲಿ ಹೊರಗೆ ಬಿಡಬೇಕು. ಅಳತೆ ನಡೆದಾಗ ಹರಟೆ ಹೊಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟಾಯಿತು ಎಂದು ಯಾರೂ ಕೇಳಬಾರದು, ಕೇಳಿದರೂ ಹೇಳಬಾರದು. ಕೇಳಿದರೆ ರಾಶಿ ಇಳಿಯುತ್ತದೆಂದು ನಂಬಿಕೆ. ಪುಸ್ತಕದವರು ಯಾವುದನ್ನು ಎಣಿಕೆಯ ಕೊನೆಯ ಮೆಟ್ಟಿಲು ಎನ್ನುತ್ತಾರೋ ಅದನ್ನೇ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಅಷ್ಟೇ.

ಕೊಳಗ ನನ್ನ ಕೈಗೆ ಭಾರವೆಂದು ಅಪ್ಪ ನನಗೆ ಸೇರು ಕೊಟ್ಟಿದ್ದರು. ಮೊದಲ ವರ್ಷ ನನ್ನ ಕೈಯ ಕೆಳಗೆ ಅವರ ಕೈ ಇತ್ತು. ಸೇರು ತುಂಬುವುದು, ಎತ್ತುವುದು, ಸುರಿಯುವುದು ಎಲ್ಲ ಅವರೇ, ಹೆಸರು ಮಾತ್ರ ನನ್ನದು. ಮರುವರ್ಷ ಕೈ ತೆಗೆದು ಬರೀ ಒಂದು ಬೆರಳನ್ನು ಸೇರಿನ ಕಂಠಕ್ಕೆ ತಾಗಿಸಿಟ್ಟಿದ್ದರು. ಅದರ ಮುಂದಿನ ವರ್ಷ ಬೆರಳು ಯಾವಾಗ ಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ನಾಲ್ಕು ಸೇರು ಸುರಿದ ಮೇಲೆ ತಿರುಗಿ ನೋಡಿದರೆ ಅಪ್ಪ ದೂರ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ.

ಮುಂದೆ ನಾನೇ ಗೋಕಾಕದಲ್ಲಿ ತರಬೇತಿಗೆ ಸೇರಿದಾಗ, ಒಂದು ಮಧ್ಯಾಹ್ನ ನಮಗೆ ಪಾಠ ಹೇಳುವ ಬಾಯಾರು ಹಲಗೆಯ ಮೇಲೆ ಎರಡು ವರ್ತುಲ ಬರೆದರು. ಒಳಗಿನದು ಮಗು ತಾನೇ ಮಾಡಬಲ್ಲದ್ದು. ಹೊರಗಿನದು ಯಾರಾದರೂ ಕೈಹಿಡಿದರೆ ಮಾಡಬಲ್ಲದ್ದು. ಕಲಿಕೆ ನಡೆಯುವುದು ಆ ಎರಡರ ನಡುವಿನ ಜಾಗದಲ್ಲಿ, ಅದಕ್ಕೆ ಸಮೀಪ ವಿಕಾಸದ ವಲಯ ಎನ್ನುತ್ತಾರೆ, ಕೊಟ್ಟ ಆಸರೆಯನ್ನು ಮೆಲ್ಲಗೆ ತೆಗೆಯುತ್ತ ಹೋಗಬೇಕು ಎಂದರು. ಊಟದ ನಂತರದ ತರಗತಿ, ಸೆಕೆ, ಅರ್ಧ ಹುಡುಗಿಯರಿಗೆ ತೂಕಡಿಕೆ. ನನಗೆ ಮಾತ್ರ ಸೇರಿನ ಕಂಠದ ಮೇಲಿನ ಆ ಬೆರಳು ನೆನಪಾಯಿತು. ಮನೆ ಬಿಟ್ಟು ಹಾಸ್ಟೆಲಿಗೆ ಬಂದು ಆಗ ಇನ್ನೂ ತಿಂಗಳೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಎರಡು ವರ್ತುಲ ಬರೆದು ನೆಟ್ಟಗೆ ಉತ್ತರಿಸಿದೆ. ಬೆರಳಿನ ಸುದ್ದಿ ಬರೆಯಲಿಲ್ಲ, ಬರೆದಿದ್ದರೆ ಅಂಕ ಕೊಡುವವರಿದ್ದರೆಂಬ ಭರವಸೆ ನನಗಿರಲಿಲ್ಲ.

ಹೊಸದಾಗಿ ಕಲಿತವರಿಗೆ ಕಂಡದ್ದೆಲ್ಲದರ ಮೇಲೂ ಪ್ರಯೋಗ ಮಾಡುವ ಹುಚ್ಚು. ದೀಪಾವಳಿ ಸೂಟಿಗೆ ಊರಿಗೆ ಬಂದಾಗ ನನ್ನ ಕೈಗೆ ಸಿಕ್ಕವನು ತಮ್ಮ, ಆಗ ಐದು ವರ್ಷದವನು. ಒಂದೇ ಅಳತೆಯ ಮಜ್ಜಿಗೆಯನ್ನು ಒಂದು ಎತ್ತರದ ಗ್ಲಾಸಿಗೂ ಒಂದು ಅಗಲ ಬಟ್ಟಲಿಗೂ ಅವನ ಕಣ್ಣೆದುರೇ ಹಾಕಿ, ಯಾವುದರಲ್ಲಿ ಜಾಸ್ತಿ ಎಂದು ಕೇಳಿದೆ. ಆ ವಯಸ್ಸಿನ ಮಕ್ಕಳು ಎತ್ತರದ್ದನ್ನೇ ತೋರಿಸುತ್ತವೆ, ಪಾತ್ರೆ ಬದಲಾದರೂ ಪ್ರಮಾಣ ಬದಲಾಗದೆಂಬ ತಿಳಿವಳಿಕೆ ಇನ್ನೂ ಬಂದಿರುವುದಿಲ್ಲ ಎಂದು ನಮಗೆ ಹೇಳಿದ್ದರು. ತಮ್ಮ ಎರಡನ್ನೂ ನೋಡಿದ. ಕುಡಿದು ನೋಡಿ ಹೇಳುತ್ತೇನೆ ಎಂದ. ಎರಡನ್ನೂ ಗಟಗಟ ಕುಡಿದು, ಮಜ್ಜಿಗೆಯ ಮೀಸೆ ಒರೆಸಿಕೊಂಡು, ಇನ್ನೊಂದು ಸಲ ಹಾಕು, ನೆನಪಾಗುತ್ತಿಲ್ಲ ಎಂದ. ಅವ್ವ ಒಲೆಯ ಮುಂದೆ ಕೂತು ನಕ್ಕದ್ದೇ ನಕ್ಕದ್ದು. ಎಷ್ಟೋ ವರ್ಷ ಆ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಹೇಳುವಾಗೆಲ್ಲ ಅವ್ವನ ನಗೆಯೂ, ಸಗಣಿ ಸಾರಿಸಿದ ಆ ಪಡಸಾಲೆಯ ತಂಪೂ ಒಟ್ಟಿಗೇ ಬರುತ್ತಿದ್ದವು. ಅವ್ವ ಹೋಗಿ ಬಹಳ ವರ್ಷವಾಯಿತು. ಅಪ್ಪ ಹೋಗಿ ಇದು ಎರಡನೆಯ ಚಳಿಗಾಲ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ಅಲ್ಲಿಂದ ದಿನಾ ಗೋಕಾಕಕ್ಕೆ ಬಸ್ಸು. ಘಟಪ್ರಭೆಯಲ್ಲಿ ಬಸ್ಸು ನಿಂತಾಗ ಒಂದು ಚಹಾ, ಕೊಣ್ಣೂರ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಒಂದು ನಿದ್ದೆ. ತವರಿಗೆ ಹೋಗುವುದು ಭಾನುವಾರ, ಅದೂ ತಿಂಗಳಿಗೊಮ್ಮೆ. ತಮ್ಮನಿಗೆ ಕೌಜಲಗಿಯ ಹುಡುಗಿಯನ್ನು ತಂದೆವು. ಅವರಿಗೆ ಒಬ್ಬಳು ಮಗಳು. ಈ ಕಥೆ ಆ ಮಗಳದ್ದು, ಅವಳ ಅಜ್ಜನಾದ ನನ್ನ ಅಪ್ಪನದು.

ಮಗಳು ಹುಟ್ಟಿದ್ದೇ ತಡ, ಅಪ್ಪ ಹೊಲವನ್ನು ತಮ್ಮನ ಕೈಗೆ ಬಿಟ್ಟು ಕೂಸಿನ ಚಾಕರಿಗೆ ನಿಂತರು. ನಡೆಯಲು ಬರುವ ಮೊದಲೇ ಅದನ್ನು ಹೆಗಲ ಮೇಲೆ ಹೊತ್ತು ಮೂಡಲಗಿ ಸಂತೆಗೆ ಹೋಗುತ್ತಿದ್ದರು. ಮಾತು ಬಂದ ಮೇಲೆ ಇಬ್ಬರದೂ ಒಂದೇ ಕೆಲಸ, ಬೆಳಿಗ್ಗೆ ಪೂಜೆ ಮುಗಿದು ಹಣೆಗೆ ಇಬ್ಬರೂ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು ರಾಶಿ ಆಟ ಆಡುವುದು. ಹುಣಸೆಬೀಜದ ರಾಶಿ, ಅಳೆಯಲು ಹಳೆಯ ಸುಣ್ಣದ ಡಬ್ಬಿ, ಸುರಿಯಲು ಅಜ್ಜನ ಟೊಪ್ಪಿಗೆ. ಹುಡುಗಿ ಡಬ್ಬಿ ತುಂಬಿ ಲಾಭ ಎನ್ನುತ್ತಿದ್ದಳು, ಎರಡು ಎನ್ನುತ್ತಿದ್ದಳು, ಮೂರು ಎನ್ನುತ್ತಿದ್ದಳು. ಟೊಪ್ಪಿಗೆ ತುಂಬಿದ ಮೇಲೆ ಇಬ್ಬರೂ ಕಣ್ಣಲ್ಲೇ ನಕ್ಕು ಸುಮ್ಮನಿರುತ್ತಿದ್ದರು, ಎಷ್ಟಾಯಿತೆಂದು ಹೇಳುವ ಹಾಗಿಲ್ಲವಲ್ಲ. ಆಟವೇ ಮಗುವಿನ ದುಡಿಮೆ ಎಂದು ನಾನು ಗೋಕಾಕದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದೆ. ಇಲ್ಲಿ ಆ ದುಡಿಮೆ ಹೊತ್ತೇರುವವರೆಗೂ ನಡೆಯುತ್ತಿತ್ತು. ನಾನು ಹೋದಾಗ ನನಗೂ ಒಂದು ಡಬ್ಬಿ ಕೊಡುತ್ತಿದ್ದರು. ಆದರೆ ನನಗೆ ಮಾತು ಜಾಸ್ತಿ ಎಂದು ಮೊಮ್ಮಗಳು ನನ್ನನ್ನು ಕಣದಿಂದ ಹೊರಗೆ ಹಾಕುತ್ತಿದ್ದಳು.

ತಮ್ಮನ ಹೆಂಡತಿಗೆ ಈ ಆಟದ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳೂ ಒಕ್ಕಲುಮನೆಯವಳೇ. ಅವಳ ಅಂಜಿಕೆ ಬೇರೆ. ಹತ್ತನೆಯ ತರಗತಿ ಚೆನ್ನಾಗಿ ಪಾಸಾಗಿ ಅವಳು ಗೋಕಾಕದಲ್ಲಿ ಕಾಲೇಜು ಸೇರಿದ್ದಳಂತೆ. ಇಂಗ್ಲಿಷ್ ತಾಸಿನಲ್ಲಿ ಎದ್ದು ನಿಂತು ಓದು ಎಂದರಂತೆ. ಅವಳು ಓದಿದ ರೀತಿಗೆ ಇಡೀ ವರ್ಗ ನಕ್ಕಿತಂತೆ. ಮತ್ತೆ ಅವಳು ಬಾಯಿ ತೆರೆಯಲಿಲ್ಲ, ಮುಂದಿನ ತಿಂಗಳು ಕಾಲೇಜಿಗೇ ಹೋಗಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಅಡಿಗೆಮನೆಯಲ್ಲಿ, ಶೇಂಗಾ ಹುರಿಯುತ್ತ, ನನ್ನ ಕಡೆ ನೋಡದೆ. ತನ್ನ ಮಗಳನ್ನು ನೋಡಿ ಯಾರೂ ನಗಬಾರದು, ಅಷ್ಟೇ ಅವಳ ಆಸೆ. ಅದಕ್ಕಾಗಿ ಮಗಳನ್ನು ಗೋಕಾಕದ ಒಳ್ಳೆಯ ಇಂಗ್ಲಿಷ್ ಶಾಲೆಗೇ ಹಾಕಬೇಕೆಂದು ಹಟ ಹಿಡಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಪ್ರವೇಶ ಸಿಗುವ ಮೊದಲೇ ಬೂಟು ತಂದಿಟ್ಟಳು. ಊರಿನ ಕನ್ನಡ ಶಾಲೆಯೇ ಸಾಕು, ಚಿಕ್ಕ ಮಕ್ಕಳಿಗೆ ತಾಯಿನುಡಿಯಲ್ಲೇ ಅಡಿಪಾಯ ಹಾಕಬೇಕು ಎಂದು ನಾನು ಹೇಳಿದೆ. ನಿಮ್ಮ ಮಕ್ಕಳು ಎಲ್ಲಿ ಕಲಿತರು ಅಕ್ಕಾರ ಎಂದು ಅವಳು ಮೆತ್ತಗೆ ಕೇಳಿದಳು. ನನ್ನ ಮಕ್ಕಳು ಕಲಿತದ್ದು ಇಂಗ್ಲಿಷ್ ಶಾಲೆಯಲ್ಲೇ, ಹಾಗಾಗಿ ನನ್ನ ಅಡಿಪಾಯ ಅಲ್ಲೇ ಕುಸಿಯಿತು.

ಸಂಕ್ರಾಂತಿ ಮುಗಿದ ವಾರ ಹುಡುಗಿಯನ್ನು ಶಾಲೆಗೆ ತೋರಿಸಲು ಕರೆದುಕೊಂಡು ಹೋದೆವು. ನಾನು, ತಾಯಿ, ಮಗಳು. ಪ್ರವೇಶಕ್ಕೆ ಮಕ್ಕಳನ್ನು ಪರೀಕ್ಷಿಸುವ ಬಾಯಾರು ಯಾರೆಂದುಕೊಂಡಿರಿ, ನನ್ನ ಕೈಯಲ್ಲೇ ಕಲಿತ ಹುಡುಗಿ. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ನನಗೆ ಒಳಗೊಳಗೇ ಧೈರ್ಯ ಬಂತು. ಬಣ್ಣ ಕೇಳಿದಳು, ಹುಡುಗಿ ಹೇಳಿದಳು. ಹಾಡು ಕೇಳಿದಳು, ಒಂದಕ್ಕೆ ಎರಡು ಹಾಡಿದಳು. ಆಮೇಲೆ ಮೇಜಿನ ಮೇಲೆ ಮಣಿಗಳನ್ನು ಸುರಿದು, ಇವನ್ನು ಎಣಿಸಿ ಈ ಡಬ್ಬಿಯಲ್ಲಿ ಹಾಕು ಎಂದಳು.

ಹುಡುಗಿಯ ಮುಖ ಅರಳಿತು. ಇದು ತನಗೆ ಗೊತ್ತಿರುವ ಆಟ. ಎದ್ದು ನಿಂತು ಕಾಲಿನ ಚಪ್ಪಲಿ ಬಿಟ್ಟು ಬದಿಗೆ ಸರಿಸಿದಳು. ಮೊದಲ ಮಣಿ ಎತ್ತಿ, ಗಟ್ಟಿ ದನಿಯಲ್ಲಿ ಲಾಭ ಎಂದಳು.

ಪಕ್ಕದ ಕುರ್ಚಿಗಳಲ್ಲಿದ್ದ ಇನ್ನಿಬ್ಬರು ಬಾಯಾರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮುದ್ದು ಮಾತಿಗೆ ಯಾರೂ ನಗುವ ಹಾಗೆ ನಕ್ಕರು. ಹುಡುಗಿ ಎರಡು, ಮೂರು ಎನ್ನುತ್ತ ತಪ್ಪಿಲ್ಲದೆ ಎಲ್ಲವನ್ನೂ ಡಬ್ಬಿಗೆ ಹಾಕಿದಳು. ಒಟ್ಟು ಎಷ್ಟಾದವು ಪುಟ್ಟಿ ಎಂದು ನನ್ನ ಶಿಷ್ಯೆ ಕೇಳಿದಳು. ಹುಡುಗಿ ತುಟಿ ಬಿಗಿದುಕೊಂಡು ನಿಂತಳು. ಮತ್ತೊಮ್ಮೆ ಕೇಳಿದರೂ ಇಲ್ಲ. ಇಂಥ ದೊಡ್ಡ ಬಾಯಾರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಬೆರಗಿನಿಂದ ಅವರನ್ನೇ ನೋಡುತ್ತಿದ್ದಳು. ನಾನು ಅವಳ ತಾಯಿಯ ಕಡೆ ತಿರುಗಿದೆ. ಆಕೆಯ ಮುಖ ಕಿವಿಯವರೆಗೂ ಕೆಂಪಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು.

ನಾನು ಶಿಷ್ಯೆಯನ್ನು ಹೊರಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. ಕಣದ ಪದ್ಧತಿ ಹೇಳಿದೆ. ಒಂದಕ್ಕೊಂದು ಹೊಂದಿಕೆ ಅವಳಿಗೆ ಬಂದಿದೆ, ಕ್ರಮ ಬಂದಿದೆ, ಒಟ್ಟೂ ಗೊತ್ತಿದೆ, ಹೇಳಬಾರದೆಂದು ಹೇಳಲಿಲ್ಲ ಅಷ್ಟೇ ಎಂದೆ. ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಹೋಗಬೇಕು ಎಂದು ನಿನಗೆ ಕಲಿಸಿದವಳು ಯಾರು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಸಿಟ್ಟು ಬಂದರೆ ನನಗೆ ಎದುರಿಗಿದ್ದವರು ಶಾಲೆಯ ಬಾಯಾರೋ ಬಸ್ಸಿನ ಕಂಡಕ್ಟರೋ ಕಾಣುವುದಿಲ್ಲ. ಅವಳು ತಾಳ್ಮೆಯಿಂದ ಕೇಳಿದಳು.

"ನನಗ ತಿಳೀತೈತ್ರಿ ಮೇಡಂ. ನಮ್ಮ ಅಜ್ಜಾನೂ ಹಂಗ ಅಳೀತಿದ್ರು. ಆದ್ರ ಮುಂದಿನ ವರ್ಷ ಆಕಿಗಿ ಬರೂ ಬಾಯಾರಿಗೆ ತಿಳೀಬೇಕಲ್ರಿ? ವರ್ಗದಾಗಿನ ಹುಡುಗುರಿಗಿ ತಿಳೀಬೇಕಲ್ರಿ?"

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ಸ್ವಲ್ಪ ರೂಢಿ ಮಾಡಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಬನ್ನಿ, ಅಲ್ಲಿಯವರೆಗೆ ಜಾಗ ಇಟ್ಟಿರುತ್ತೇನೆ ಎಂದಳು.

ತುಕ್ಕಾನಟ್ಟಿಯ ಬಸ್ಸು ಹತ್ತಿದೆವು. ಮಗಳು ಕಿಟಕಿಯಿಂದ ಕಂಡ ಎಮ್ಮೆಗಳನ್ನೆಲ್ಲ ಎಣಿಸುತ್ತಿದ್ದಳು, ಮೊದಲ ಎಮ್ಮೆ ಲಾಭ. ತಾಯಿ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಮನೆ ತಲುಪಿದಾಗ ಅಪ್ಪ ಕಟ್ಟೆಯ ಮೇಲೆ ಹುಣಸೆಬೀಜ ಸುರಿದುಕೊಂಡು ದಾರಿ ಕಾಯುತ್ತಿದ್ದರು. ಸೊಸೆ ಚಪ್ಪಲಿ ಸಹ ಬಿಡದೆ ಮಾವನ ಮುಂದೆ ನಿಂತಳು. ಮದುವೆಯಾದಾಗಿನಿಂದ ಅವರೆದುರು ನೆಟ್ಟಗೆ ನಿಂತು ಮಾತಾಡಿದವಳಲ್ಲ.

"ಮಾವಾರ, ನಿಮ್ಮ ಕಾಲಿಗಿ ಬೀಳ್ತೇನಿ. ಇನ್ನಮ್ಯಾಲ ಆಕಿಗಿ ನೀವು ಏನೂ ಕಲಸಬ್ಯಾಡ್ರಿ. ನನ್ನ ನೋಡಿ ಮಂದಿ ನಕ್ಕಾರ, ಅಷ್ಟ ಸಾಕು. ಆಕಿನ್ನ ನೋಡಿ ನಗಬಾರ್ದು."

ಅಪ್ಪ ಬೀಜಗಳನ್ನು ಒಂದೊಂದಾಗಿ ಆರಿಸಿ ಟೊಪ್ಪಿಗೆಗೆ ತುಂಬಿಕೊಂಡು ಎದ್ದು ಹೋದರು. ನನ್ನ ಬಾಯಲ್ಲಿ ಅಷ್ಟು ವರ್ಷದ ಪಾಠವಿತ್ತು. ಅವಳಿಗೆ ಹೇಳಲೋ ಇವರಿಗೆ ಹೇಳಲೋ ತಿಳಿಯದೆ ಹುಕ್ಕೇರಿಯ ಬಸ್ಸು ಹತ್ತಿದೆ.

ಆ ತಿಂಗಳು ನಾನು ಎರಡು ಸಲ ತವರಿಗೆ ಹೋದೆ. ಒಳಗಿನ ಕೋಣೆಯಿಂದ ತಾಯಿ ಮಗಳು ಒನ್, ಟೂ, ಥ್ರೀ ಎನ್ನುವುದು ಪಡಸಾಲೆಗೆ ಕೇಳುತ್ತಿತ್ತು. ಮೊದಮೊದಲು ಹುಡುಗಿ ಆದಿಯಲ್ಲೇ ಎಡವುತ್ತಿದ್ದಳು, ಲಾ ಎಂದು ಬಾಯಿ ತೆರೆದು ಮುಚ್ಚುತ್ತಿದ್ದಳು. ತಾಯಿ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮತ್ತೆ ಮೊದಲಿನಿಂದ ಎನ್ನುತ್ತಿದ್ದಳು. ಸರಿಯಾಗಿ ಹೇಳಿದರೆ ಬಾಯಿಗೆ ಕರದಂಟಿನ ಚೂರು. ಅಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ತಮ್ಮ ಎರಡು ಕಡೆಯೂ ಮಾತಾಡಲಾರದೆ ಹೊಲದಲ್ಲೇ ಹೊತ್ತು ಕಳೆಯುತ್ತಿದ್ದ. ಹುಡುಗಿಗೆ ಅಜ್ಜನ ಹತ್ತಿರ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ಮಕ್ಕಳಿಗೆ ಹೇಳಿದ ಮೇಲೇ ತಿಳಿಯಬೇಕೆಂದಿಲ್ಲ. ಕಟ್ಟೆಯ ತನಕ ಬಂದು, ಕಂಬ ಹಿಡಿದು ಒಂದು ಸುತ್ತು ಸುತ್ತಿ, ಒಳಗೆ ಓಡುತ್ತಿದ್ದಳು.

ಎರಡನೆಯ ಸಲ ಹೋದಾಗ ಅಪ್ಪ ನನ್ನನ್ನು ಕರೆದು ಪಕ್ಕ ಕೂಡಿಸಿಕೊಂಡರು.

"ನೀ ಕಲಿಸಾಕಿ. ಹೇಳು. ನಾ ಕಲಿಸಿದ್ದು ತಪ್ಪೇನವ್ವಾ?"

ನಾನು ಶುರು ಮಾಡಿದೆ. ಮಗು ತನ್ನ ಸುತ್ತಲಿನ ಬದುಕಿನಿಂದಲೇ ಅರಿವನ್ನು ಕಟ್ಟಿಕೊಳ್ಳುತ್ತದೆ, ಮನೆಯ ಕಲಿಕೆಗೂ ಶಾಲೆಯ ಕಲಿಕೆಗೂ ನಡುವೆ ಸೇತುವೆ ಕಟ್ಟುವುದು ಶಿಕ್ಷಕರ ಕೆಲಸ, ನೀವು ಹಾಕಿದ ತಳಪಾಯ ಗಟ್ಟಿಯಾದದ್ದು ಎಂದೆಲ್ಲ ಹೇಳಿದೆ. ಒಳ್ಳೆಯ ಪಾಠ, ಗೋಕಾಕದಲ್ಲಾಗಿದ್ದರೆ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಅಪ್ಪ ಕೊನೆಯವರೆಗೂ ಕೇಳಿ, ತಪ್ಪೋ ಸರಿಯೋ ಅಷ್ಟು ಹೇಳು ಎಂದರು. ತಪ್ಪಲ್ಲ ಅಪ್ಪ ಎಂದೆ.

"ಹಂಗಾರ ಆಕಿ ನನ್ನ ಕಡೆ ಯಾಕ ಬರವಲ್ಲಳು?"

ನನ್ನ ಅಪ್ಪ ಆ ವಯಸ್ಸಿನಲ್ಲಿ, ಸಣ್ಣ ಹುಡುಗರ ಹಾಗೆ ಮುಖ ಮಾಡಿಕೊಂಡು ಇಂಥದ್ದೊಂದನ್ನು ನನ್ನಲ್ಲಿ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ, ಹೇಳಬೇಕಾದ್ದನ್ನೆಲ್ಲ ತಮ್ಮನ ಹೆಂಡತಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ರೊಟ್ಟಿ ಬಡಿಯುತ್ತ ಮೆಲ್ಲಗೆ ಅಳುತ್ತಿದ್ದಳು. ಪಡಸಾಲೆಯ ಮಾತೆಲ್ಲ ಕೇಳಿತ್ತು. ನಾನು ಒಲೆಯ ಮೇಲಿನ ರೊಟ್ಟಿ ತಿರುವಿದೆ.

ತಿಂಗಳಾದ ಮೇಲೆ ತಾಯಿ ಮಗಳಿಬ್ಬರೇ ಗೋಕಾಕಕ್ಕೆ ಹೋಗಿ ಬಂದರು. ಹುಡುಗಿ ಮಣಿಗಳನ್ನು ಒನ್, ಟೂ, ಥ್ರೀ ಎಂದು ಎಣಿಸಿದಳಂತೆ, ಎಷ್ಟು ಎಂದ ಕೂಡಲೇ ಹೇಳಿದಳಂತೆ. ಜಾಗ ಸಿಕ್ಕಿತು. ಫೋನಿನಲ್ಲಿ ತಮ್ಮನ ಹೆಂಡತಿಯ ದನಿ ಹಗುರಾಗಿತ್ತು. ಮಾವಾರಿಗೂ ಹೇಳಿದೆ, ಮಗಳ ಬಾಯಿಗೆ ಸಕ್ಕರೆ ಹಾಕಿದರು ಎಂದಳು. ಶಿವರಾತ್ರಿ ಕಳೆದು ರಾಶಿ ಇಟ್ಟುಕೊಂಡಿದ್ದೇವೆ, ಬರ್ರಿ ಅಕ್ಕಾರ ಎಂದು ಕರೆದಳು.

ಈಗಿನ ರಾಶಿಗೆ ಮೊದಲಿನ ಹೊತ್ತು ಬೇಕಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಎತ್ತು ಕಟ್ಟಿ ತುಳಿಸಿ, ಗಾಳಿಗೆ ತೂರಿ, ದಿನಗಟ್ಟಲೆ ಕಣದಲ್ಲೇ ಮಲಗಿ ಎದ್ದು ಮಾಡುತ್ತಿದ್ದ ಕೆಲಸವನ್ನು ಮಷೀನು ಊಟದ ಹೊತ್ತಿಗೆ ಮುಗಿಸಿಬಿಡುತ್ತದೆ. ಚೀಲಗಳನ್ನು ತೂಕದ ಕಾಟಾದ ಮೇಲೆ ಇಟ್ಟು ತೂಗುತ್ತಾರೆ. ಅಪ್ಪ ಮಾತ್ರ ಐದು ಕೊಳಗವನ್ನು ಕೈಯಿಂದ ಅಳೆಯದೆ ಕಾಟಾ ಮುಟ್ಟಗೊಡುತ್ತಿರಲಿಲ್ಲ. ಆ ದಿನವೂ ರಾಶಿಯ ಮೇಲೆ ವಿಭೂತಿಯ ಗೆರೆ ಎಳೆದರು, ಕಾಯಿ ಒಡೆದರು. ಮಷೀನು ನಿಂತು ಹೊಲವೆಲ್ಲ ಒಮ್ಮೆಲೇ ಸುಮ್ಮನಾಗಿತ್ತು. ಜೋಳದ ಧೂಳು ಎಲ್ಲರ ಹುಬ್ಬಿನ ಮೇಲೂ ಕೂತಿತ್ತು. ನನ್ನ ಬಾಲ್ಯದ ವಾಸನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಧೂಳನ್ನೇ ಹೇಳುತ್ತೇನೆ. ಚಪ್ಪಲಿ ಬಿಟ್ಟು ಕಣದೊಳಗೆ ಕಾಲಿಟ್ಟಾಗ ನೆಲದ ಬಿಸಿ ಅಂಗಾಲಿಗೆ ತಾಗಿ, ಅವ್ವ ಬುತ್ತಿ ಹೊತ್ತು ಬರುತ್ತಿದ್ದ ದಾರಿಯ ಕಡೆ ತಾನಾಗಿ ಕಣ್ಣು ಹೋಯಿತು.

ತಮ್ಮ ಮತ್ತು ಅವನ ಹೆಂಡತಿ ಚೀಲದ ಬಾಯಿ ಹಿಡಿದು ನಿಂತರು. ಹುಡುಗಿ ತನ್ನ ಜಾಗಕ್ಕೆ ಬಂದು ನಿಂತಳು. ಮಾತು ಬಂದ ವರ್ಷದಿಂದಲೂ ಮೊದಲ ಕೊಳಗಕ್ಕೆ ಹೆಸರು ಹೇಳುವುದು ಅವಳ ಹಕ್ಕು. ಅದರ ಹಿಂದಿನ ವರ್ಷ ಅವಳು ಕೂಗಿದ್ದು ಪಕ್ಕದ ಹೊಲಕ್ಕೆ ಕೇಳಿತ್ತು. ಅಪ್ಪ ಬಾಗಿ ಕೊಳಗ ತುಂಬಿದರು, ಅಂಗೈಯಿಂದ ಮೇಲ್ಭಾಗ ಸವರಿ ಮೇಲೆತ್ತಿದರು. ಎತ್ತಿ, ಚೀಲದ ಮೇಲೆ ಹಿಡಿದು, ಕಾಯುತ್ತ ನಿಂತರು.

ಹುಡುಗಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಕೊಳಗ ನೋಡಿದಳು, ಅಜ್ಜನನ್ನು ನೋಡಿದಳು, ಆಮೇಲೆ ತಿರುಗಿ ತಾಯಿಯ ಮುಖ ನೋಡಿದಳು. ಯಾವುದನ್ನು ಹೇಳಿದರೆ ತಪ್ಪಾಗುವುದಿಲ್ಲ ಎಂದು ಆ ಮುಖದಲ್ಲಿ ಹುಡುಕುತ್ತಿದ್ದಳು. ಅದಕ್ಕೂ ಪುಸ್ತಕದಲ್ಲಿ ಒಂದು ಹೆಸರಿದೆ, ಆ ಹೊತ್ತಿಗೆ ನನಗೆ ನೆನಪಾಗಲಿಲ್ಲ. ನನಗೆ ಗೊತ್ತಾದದ್ದು ಇಷ್ಟೇ. ಎಮ್ಮೆಯನ್ನೂ ಬೀಜವನ್ನೂ ಮಣಿಯನ್ನೂ ಯಾರ ಮುಖವನ್ನೂ ನೋಡದೆ ಎಣಿಸುತ್ತಿದ್ದ ಹುಡುಗಿ ಎಣಿಸಲು ಅಂಜುವುದನ್ನು ಕಲಿತಿದ್ದಳು.

ಅಪ್ಪನಿಗೂ ಗೊತ್ತಾಯಿತು. ಅವರು ತಾವೇ ಹೇಳಿ ಸುರಿದುಬಿಡಬಹುದಿತ್ತು. ಸುರಿಯಲಿಲ್ಲ. ಸೊಸೆ ಬೇಡವೆಂದ ಮೇಲೆ ಮೊಮ್ಮಗಳಿಗೆ ಹೇಳಿಕೊಡಲಿಲ್ಲ. ತುಂಬಿದ ಕೊಳಗ ಹಿಡಿದ ಅವರ ತೋಳು ನಡುಗತೊಡಗಿತು, ನಾಲ್ಕು ಕಾಳು ಉದುರಿದವು. ಕೊಳಗಕ್ಕೆ ಆಸರೆ ಕೊಡಲು ತಮ್ಮ ಮುಂದೆ ಬಾಗಿದ, ಅಪ್ಪ ಬೇಡವೆಂದು ತಲೆಯಾಡಿಸಿದರು.

ತಮ್ಮನ ಹೆಂಡತಿ ಮಗಳನ್ನೇ ನೋಡುತ್ತಿದ್ದಳು. ಬಾಯಿ ತೆರೆದು ಹಾಗೇ ನಿಂತ ಆ ಮುಖ ಯಾರದೆಂದು, ಇಂಗ್ಲಿಷ್ ತಾಸಿನಲ್ಲಿ ಎದ್ದು ನಿಂತಿದ್ದ ಅವಳಿಗಲ್ಲದೆ ಇನ್ನಾರಿಗೆ ತಿಳಿಯಬೇಕು? ಅವಳ ಕಣ್ಣು ತುಂಬಿ ಬಂದವು. ಎರಡು ಕೈಯಲ್ಲೂ ಚೀಲದ ಬಾಯಿ ಹಿಡಿದಿದ್ದಳಾಗಿ ಒರೆಸಿಕೊಳ್ಳಲಾಗಲಿಲ್ಲ. ಅಳತೆಯ ಹೊತ್ತಿನಲ್ಲಿ ಕಣದಲ್ಲಿ ಮಾತಾಡಬಾರದೆಂಬ ಕಟ್ಟಳೆಯನ್ನು ನಮ್ಮ ಮನೆಯಲ್ಲಿ ಮೊದಲ ಸಲ ಮುರಿದವಳು ಅವಳೇ.

"ನನ್ನ ಮಾರಿ ಏನ್ ನೋಡ್ತಿಯವ್ವಾ," ಎಂದಳು. "ಅಜ್ಜನ ಕೈ ನೋಡು."

ಹುಡುಗಿ ತಿರುಗಿ ಅಜ್ಜನ ಕೈ ನೋಡಿದಳು. ಮುಂದೆ ಬಂದು, ನಡುಗುವ ಕೊಳಗದ ಕೆಳಗೆ ತನ್ನೆರಡೂ ಅಂಗೈಗಳನ್ನು ಆನಿಸಿ, ಲಾಭ ಎಂದಳು.